ರೇಣುಕವ್ವ ಬಾಯಿ ತೋರಿಸಿದ್ದು

ಶಲವಡಿಯ ರೇಣುಕವ್ವ ಸಣ್ಣಾಕಿ ಇದ್ದಾಗ ಎತ್ತಿನ ಕೋಡು ತಾಗಿ ಅವಳ ಮೇಲ್ದುಟಿ ಹರಿದಿತ್ತು. ಹೊಲಿಗೆ ಹಾಕಿಸಿದರೂ ಸೊಟ್ಟಗೇ ಕೂಡಿಕೊಂಡಿತು. ಸೀರೆ ಉಡಲು ಕಲಿತಂದಿನಿಂದ ಅವಳು ಬಾಯಿಗೆ ಸೆರಗು ಅಡ್ಡ ಹಿಡಿಯದೆ ಯಾರೊಂದಿಗೂ ಮಾತಾಡಿದವಳಲ್ಲ. ಗಂಡ ಗುಡದಪ್ಪ, "ನನ್ನ ಮುಂದೂ ಯಾಕಬೇ?" ಅಂದರೂ ಸೆರಗು ಇಳಿಯುತ್ತಿರಲಿಲ್ಲ.

ಎಂಬತ್ನಾಲ್ಕನೇ ಇಸವಿಯಲ್ಲಿ ಮಗಳು ಸಣ್ಣವ್ವ ಹುಟ್ಟಿದಳು. ಕೂಸು ಅಂಬೆಗಾಲಿಡುವಷ್ಟು ದೊಡ್ಡದಾದರೂ "ಗಾ, ಗಾ" ಬಿಟ್ಟರೆ ಬೇರೆ ಸದ್ದಿಲ್ಲ. ಓಣಿಯ ಉಳಿದ ಕೂಸುಗಳು "ಬಬ್ಬಬ್ಬ, ಮಮ್ಮಮ್ಮ" ಅನ್ನುವುದನ್ನು ಕೇಳಿದಾಗಲೆಲ್ಲ ಅತ್ತೆ ಬಸವಣ್ಣೆವ್ವ ನಿಟ್ಟುಸಿರು ಬಿಡುವಳು.

ಒಂದು ದಿನ ಬಾಜೂಮನೆಯ ಮಲ್ಲಕ್ಕ ಗೋದಿ ಹಸನು ಮಾಡಲು ಬಂದು ರೇಣುಕವ್ವನ ಪಕ್ಕಕ್ಕೇ ಕೂತಳು. ಬಾಯಿ ತುಂಬ ಎಲೆಅಡಿಕೆ. ಎದುರಿಗೆ ಕೂಸು.

"ಬಾ, ನನ್ನ ಬಂಗಾರ," ರೇಣುಕವ್ವ ಸೆರಗಿನ ಮರೆಯಿಂದ ಕರೆದಳು.

ಕೂಸು ಮಲ್ಲಕ್ಕನ ಬಾಯಿಯನ್ನೇ ನೋಡುತ್ತ ಅತ್ತ ಹೊರಟಿತು. ಮತ್ತೆ ಕರೆದಳು. ಮತ್ತೆ ಮಲ್ಲಕ್ಕನ ಕಡೆಗೇ. ರೇಣುಕವ್ವನ ಕಣ್ಣು ತುಂಬಿದವು.

"ನನ್ನ ಗುರ್ತಽ ಇಲ್ಲ ನೋಡ ಯಕ್ಕಾ ಇದಕ್ಕ."

"ಹುಚ್ಚಿ, ದನಿ ಎಲ್ಲಿಂದ ಬಂತಂತ ಹುಡಕಾಕತ್ತೈತಿ ಅದು. ನನ್ನ ಬಾಯಿ ಅಲಗ್ಯಾಡಾಕತ್ತಿತ್ತು, ನಾನಽ ಕರದೆ ಅಂದ್ಕೊಂಡೈತಿ. ನಿನ್ನ ಬಾಯಿ ಎಂದಾದ್ರೂ ತೋರಿಸೀಯೇನು? ತುಟಿ ಕೂಡಸೂದ ಅದು ಯಾರನ್ನ ನೋಡಿ ಕಲೀಬೇಕು? ಸೆರಗ ತಗಿ."

"ಅಂಜಿದ್ರ?"

"ಅಂಜಿದ್ರ ನಾ ಎತ್ಕೊಂತೀನಿ."

ರೇಣುಕವ್ವ ಸೆರಗು ಇಳಿಸಿದಳು. "ಬಾ," ಅಂದಳು.

ಕೂಸು ಅಂಜಲಿಲ್ಲ. ತಾಯಿಯ ತುಟಿಯನ್ನೇ ನೋಡುತ್ತ ತೊಡೆ ಏರಿ, ಆ ಸೊಟ್ಟ ತುಟಿಯ ಮೇಲೇ ಬೆರಳಿಟ್ಟಿತು. ತನ್ನ ತುಟಿಗಳನ್ನು ಗಟ್ಟಿಯಾಗಿ ಕೂಡಿಸಿ ಉಬ್ಬಿಸಿತು. ಜೊಲ್ಲಿನ ಗುಳ್ಳೆಯೊಂದೇ ಬಂತು. ಮಲ್ಲಕ್ಕ ಬಿದ್ದು ಬಿದ್ದು ನಕ್ಕಳು.

ಆಮೇಲೆ ಒಲೆಯ ಮುಂದಿರಲಿ, ಬಚ್ಚಲಲ್ಲಿರಲಿ, ರೇಣುಕವ್ವ ಮಗಳಿಗೆ ಮುಖ ಕೊಟ್ಟೇ ಮಾತಾಡಿದಳು. ನೀರೆರೆಯುವಾಗೊಮ್ಮೆ ಕೂಸು "ಬ್ಬಾ!" ಅಂದಿತು. ಸುಗ್ಗಿ ಮುಗಿಯುವುದರೊಳಗೆ "ಅವ್ವಾ" ಕೂಡ ಬಂತು. ಬಸವಣ್ಣೆವ್ವ ಕೈಯ ಹಿಟ್ಟನ್ನೂ ತೊಳೆಯದೆ ಓಣಿಗೆಲ್ಲ ಹೇಳಿ ಬಂದಳು.

ಮುಂದಿನ ಅಣ್ಣಿಗೇರಿ ಸಂತೆಗೆ ರೇಣುಕವ್ವ ಮಗಳನ್ನು ಸೊಂಟಕ್ಕೇರಿಸಿಕೊಂಡು ಬರೀ ಮುಖದಲ್ಲಿ ಹೋದಳು. ಬಳೆಗಾರ ಬುಡನಸಾಬನ ಮುಂದೆ ಕೂತು ಗಟ್ಟಿ ದನಿಯಲ್ಲಿ ಚೌಕಾಸಿಗಿಳಿದಳು.

ಮುದುಕ ಬೆರಗಾದ. "ಇಷ್ಟು ದಿನ ಎಲ್ಲಿ ಇಟ್ಟಿದ್ದಿ ತಂಗಿ, ಈ ದನಿ?"

ತೊಡೆಯ ಮೇಲಿನ ಕೂಸು ಹಸಿರು ಬಳೆಗಳತ್ತ ಕೈ ಚಾಚಿ "ಬ್ಬಾ, ಬ್ಬಾ" ಅಂದಿತು. ರೇಣುಕವ್ವ ಬಾಯಿ ತುಂಬ ನಕ್ಕಳು. "ಹಸರೂವು ತಗೀರಿ ಕಾಕಾ, ನನ್ನ ಮಗಳಿಗೂ ಇಡ್ರಿ. ಆಕಿ ಕೇಳಾಕತ್ತಾಳ, ಕೇಳಸವಲ್ದೇನು?"