ಆರನೇ ಸಲದ ಬೊಹೀಮಿಯಾ

ಜಗದಾಂಬಕ್ಕ ಐದು ಸಲ ಯುರೋಪಿಗೆ ಹೋಗಿ ಬಂದವರು. ಅಲ್ಲಿನ ಒಂದು ಕೋಟೆಯನ್ನೂ ಒಳಗೆ ಹೋಗಿ ನೋಡಿರಲಿಲ್ಲ. ಇದನ್ನು ಕೇಳಿ ನಗು ಬಂದರೆ ದಯವಿಟ್ಟು ನನ್ನೆದುರು ನಗಬೇಡಿ.

ಕಾಮಾಕ್ಷಿಪಾಳ್ಯದಲ್ಲಿ ಲೇತ್ ಮೆಷಿನ್ನುಗಳ ಸಾಲಿನ ಹಿಂದೆ ಅವರ ಮನೆ. ಹರಿಹರದ ಕಡೆಯವರು. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಹೊಲಿದರು. ಆಮೇಲೆ ಬಸವೇಶ್ವರನಗರದ ಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡಲು ಶುರು ಮಾಡಿದರು. ನಮ್ಮ ಮನೆಗೂ ಅವರದೇ ರೊಟ್ಟಿ. ರಾಜಾಜಿನಗರದಲ್ಲಿ ಟೂರ್ ಆಫೀಸು ಇಟ್ಟಿರುವ ಗಿರಿರಾಜ್ ಆ ರೊಟ್ಟಿ ತಿಂದು, ಅವರನ್ನು ಅಡುಗೆಗೆಂದು ವಿದೇಶಕ್ಕೆ ಕರೆದುಕೊಂಡು ಹೊರಟ. ‘ಬೊಹೀಮಿಯಾದ ಕೋಟೆ, ಬೆಂಗಳೂರಿನ ಬಿಸಿ ಊಟ’ ಎಂಬುದು ಆ ಯುರೋಪ್ ಪ್ರವಾಸಕ್ಕೆ ಅವನು ಕೊಟ್ಟ ಜಾಹೀರಾತು. ಆರನೇ ಸಲ ನಾನೂ ಹೆಸರು ಕೊಟ್ಟೆ. ನಾವು ಸೇರಿದ್ದು ಕೋಟೆಗೋ ಊಟಕ್ಕೋ ಎಂದು ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಬಸ್ಸಿನ ಹಿಂದೆ ಒಂದು ಅಡುಗೆ ವ್ಯಾನು ಬರುತ್ತದೆ. ನಾವು ಕೋಟೆ ನೋಡುವಾಗ ಅವರು ಪಾರ್ಕಿಂಗಿನಲ್ಲಿ ಕುಕ್ಕರ್ ಇಡುತ್ತಾರೆ. ನಾವು ಉಂಡು ಕೈ ತೊಳೆಯುವಷ್ಟರಲ್ಲಿ ಮುಂದಿನ ಊರಿಗೆ ಹೊರಡುವ ಹೊತ್ತು. ಹೀಗಾಗಿ ಅವರಿಗೆ ಆ ಊರುಗಳು ಗೊತ್ತಿದ್ದ ರೀತಿಯೇ ಬೇರೆ. ಹೆಸರು ಹೇಳಿದರೆ, “ಆ ಊರಾ? ನಲ್ಲಿ ಎಡಗಡೆ ಇದೆ ಟೀಚರ್. ಗಾಳಿ ಜಾಸ್ತಿ, ಒಲೆ ನಿಲ್ಲಲ್ಲ” ಎನ್ನುತ್ತಿದ್ದರು.

ಕಳೆದ ಮೇ ತಿಂಗಳದ್ದು ಆರನೇ ಪ್ರವಾಸ. ಮಂಡಿನೋವು ಜಾಸ್ತಿಯಾಗಿ, ಇದೇ ಕೊನೆ, ಇನ್ನು ಬರುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಒಂದೇ ಒಂದು ಷರತ್ತು ಹಾಕಿದ್ದರು. ನದಿ ಸುತ್ತಿಕೊಂಡು ಹರಿಯುವ ಆ ಚಿಕ್ಕ ಊರಿನ ಕೋಟೆಯನ್ನು ಒಮ್ಮೆ ಒಳಗೆ ಹೋಗಿ ನೋಡಬೇಕು. ಐದು ಸಲವೂ ಅದರ ಗೋಪುರವನ್ನು ಒಲೆಯ ಮುಂದೆ ನಿಂತೇ ನೋಡಿದ್ದರು. ಒಳಗೆ ಗುಂಪುಗುಂಪಾಗಿ ಹೊತ್ತು ಗೊತ್ತುಮಾಡಿ ಬಿಡುತ್ತಾರೆ; ಗಿರಿರಾಜ್ ಹನ್ನೆರಡೂವರೆಯ ಸರದಿಗೆ ಅವರಿಗೂ ಟಿಕೆಟ್ ತೆಗೆಸಿದ.

ಆ ದಿನ ಬೆಳಕು ಹರಿಯುವ ಮೊದಲೇ ಎದ್ದು ಮೂವತ್ತೆರಡು ಜನಕ್ಕೆ ಪುಳಿಯೋಗರೆ, ಮೊಸರನ್ನ ಕಲಸಿ ಡಬ್ಬಿಗೆ ತುಂಬಿದ್ದರು. ಇಳಕಲ್ ಸೀರೆ ಉಟ್ಟು ಮೇಲೆ ಸ್ವೆಟರ್ ಹಾಕಿದ್ದರು. ದಾರಿಯುದ್ದಕ್ಕೂ ಹಳದಿ ಹೂವಿನ ಹೊಲ, ಕೆಂಪು ಹೆಂಚಿನ ಮನೆ. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ.

ಪಾರ್ಕಿಂಗಿನಲ್ಲಿ ಇಳಿದು ಸ್ವಲ್ಪ ಹೊತ್ತಿಗೆ ಶ್ಯಾಮಸುಂದರ ಡಬ್ಬಿ ಮುಟ್ಟಿ ನೋಡಿದರು. ರಾಜರಾಜೇಶ್ವರಿನಗರದವರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು.

“ಏನ್ರೀ ಗಿರಿರಾಜ್, ತಣ್ಣಗಿದೆಯಲ್ರೀ? ಬಿಸಿ ಊಟ ಅಂತ ತಾನೆ ಹೇಳಿದ್ದು?”

“ಇದೊಂದ್ ದಿನ ಸಾರ್...”

“ನಮಗೇನೋ ನಡೆಯುತ್ತಪ್ಪಾ. ಏಕಾಂತಯ್ಯನವರ ಗತಿ ಏನು? ಪೂಜೆ ಆದ್ಮೇಲೆ ತಂಗಳು ತಿನ್ನಿಸ್ತೀರಾ ಅವರಿಗೆ?”

ಏಕಾಂತಯ್ಯನವರು ಉಲ್ಲಾಳದಿಂದ ಬಂದಿದ್ದ ಎಂಬತ್ತರ ಹಿರಿಯರು. ಎಲ್ಲಿದ್ದರೂ ಅಂಗೈಯಲ್ಲಿ ಲಿಂಗ ಇಟ್ಟು ಪೂಜಿಸದೆ ಊಟ ಮಾಡುವವರಲ್ಲ. ಆಗ ಅವರು ಕೆಳಗೆ ನದಿಯ ದಂಡೆಯ ಬೆಂಚಿನಲ್ಲಿ ಪೂಜೆಗೆ ಕೂತಿದ್ದರು. ಇಪ್ಪತ್ತು ಹೆಜ್ಜೆ ಇಳಿದು ಅವರನ್ನೇ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಎಲ್ಲರೂ ಒಟ್ಟಿಗೆ ‘ಪಾಪ, ಹಿರಿಯರು’ ಎನ್ನತೊಡಗಿದರು. ತಮ್ಮ ನಾಲಿಗೆಯ ಚಪಲವನ್ನು ಒಬ್ಬ ಮುದುಕನ ಹೊಟ್ಟೆಯ ಮೇಲೆ ಹೇರುವ ಈ ಜಾಣತನ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಜಗದಾಂಬಕ್ಕ ಕೈಯಲ್ಲಿದ್ದ ಟಿಕೆಟ್ ನೋಡಿದರು. ಗೋಪುರ ನೋಡಿದರು.

“ಲಿಂಗಪೂಜೆ ಮಾಡಿದೋರ್ನ ಹಸ್ಕೊಂಡು ಕೂರಿಸಿ ನಾನ್ ಯಾವ ಕೋಟೆ ನೋಡ್ಲಿ? ನೀವೆಲ್ಲ ಹೋಗ್ಬನ್ನಿ” ಎಂದು ಸೆರಗು ಸಿಕ್ಕಿಸಿಕೊಂಡು ಬೇಳೆ ತೊಳೆಯಲು ಕೂತರು.

ನಾನು ಮಾತಾಡಬೇಕಿತ್ತು. ಮೂವತ್ತು ವರ್ಷ ಮಕ್ಕಳಿಗೆ ನ್ಯಾಯ ಅನ್ಯಾಯ ಪಾಠ ಮಾಡಿದವಳು ನಾನು. ಆದರೆ ಚಳಿ ಇತ್ತು, ಸಾರಿನ ಆಸೆ ನನಗೂ ಇತ್ತು. ಸುಮ್ಮನೆ ಎಲ್ಲರ ಜೊತೆ ಮೆಟ್ಟಿಲು ಹತ್ತಿದೆ.

ಎರಡು ಗಂಟೆಗೆ ಇಳಿದು ಬಂದಾಗ ಏಕಾಂತಯ್ಯನವರು ಪೂಜೆ ಮುಗಿಸಿ ಬಂದು, ಒಲೆಯ ಕಡೆಯಿಂದ ಕಾಣದ ವ್ಯಾನಿನ ಆಚೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಪುಳಿಯೋಗರೆ ಡಬ್ಬಿಯನ್ನು ಖಾಲಿ ಮಾಡಿದ್ದರು.

“ಏನ್ ಚೆನ್ನಾಗಿತ್ತು ತಾಯಿ! ಬುತ್ತಿ ಉಂಡು ಬೆಳೆದೋನು ನಾನು. ಬಿಸಿ ಬೇಕು ಅಂತ ಯಾವಾಗ ಹೇಳಿದ್ದೆ? ಸುಮ್ನೆ ಯಾಕ್ ಒಲೆ ಹಚ್ಚಿದ್ರಿ?”

ಜಗದಾಂಬಕ್ಕನ ಕೈಯಲ್ಲಿ ಸೌಟು ಹಾಗೇ ನಿಂತಿತು. ಅವರು ಗಿರಿರಾಜನ ಮುಖ ನೋಡಿದರು.

“ಇನ್ನೊಂದ್ ಸರದಿ ಇದೆಯೇನಪ್ಪಾ?”

“ಟಿಕೆಟ್ ಮುಗಿದಿದೆ ಅಕ್ಕಾ. ಮೂರಕ್ಕೆ ಬಸ್ ಬೇರೆ ಬಿಡ್ಬೇಕು.”

ಅವರು ಅಳಲಿಲ್ಲ, ಕೂಗಾಡಲಿಲ್ಲ. ಸಾಲಾಗಿ ತಟ್ಟೆ ಹಿಡಿದು ನಿಂತಿದ್ದ ನಮ್ಮ ಕಡೆ ತಿರುಗಿದರು. ಮೊದಲು ಶ್ಯಾಮಸುಂದರ. ಅನ್ನ ಬಡಿಸಿ, ಸಾರಿನ ಸೌಟನ್ನು ಎತ್ತಿ ಹಿಡಿದು ಕೇಳಿದರು: “ಒಳಗೆ ಏನೇನಿತ್ತು ಸಾರ್?”

“ಒಳಗಾ? ದೊಡ್ಡ ದೊಡ್ಡ ರೂಮು... ಹಳೇ ಕುರ್ಚಿಗಳು.”

“ಆಮೇಲೆ?”

“ಇನ್ನೇನಿರುತ್ತೆ? ವಿಡಿಯೋ ಮಾಡಿದೀನಿ, ಆಮೇಲೆ ನೋಡ್ಕೊಳ್ಳಿ.”

ಸಾರು ಬಿತ್ತು. ಮುಂದಿನವರಿಗೂ ಅದೇ ಪ್ರಶ್ನೆ. ಒಬ್ಬರಿಗೆ ಕಾಲುನೋವು ನೆನಪಿತ್ತು, ಇನ್ನೊಬ್ಬರಿಗೆ ಗೈಡಿನ ಇಂಗ್ಲಿಷ್ ಅರ್ಥವಾಗಿರಲಿಲ್ಲ. “ನಮ್ಮ ಮೈಸೂರು ಅರಮನೆ ಮುಂದೆ ಏನೂ ಅಲ್ಲ ಬಿಡಿ” ಎಂದರು ಮತ್ತೊಬ್ಬರು. ಪ್ರತಿಯೊಬ್ಬರ ಮುಖವನ್ನೂ ಆಕೆ ಕಣ್ಣು ಕೀಳದೆ ನೋಡಿದರು. ಯಾರಿಗೂ ಒಂದು ಹನಿ ಕಡಿಮೆ ಹಾಕಲಿಲ್ಲ.

ಕೊನೆಗೆ ನನ್ನ ಸರದಿ ಬಂತು.

“ನೀವಾದ್ರೂ ಹೇಳಿ ಟೀಚರ್.”

ಬಣ್ಣದ ಚಾವಣಿ ಇತ್ತೇನೋ, ರಾಣಿಯೊಬ್ಬಳ ಚಿತ್ರ ಇತ್ತೇನೋ. ಒಳಗಿದ್ದಷ್ಟು ಹೊತ್ತೂ ಎಷ್ಟೊತ್ತಿಗೆ ಇಳಿದು ಬಿಸಿ ಸಾರು ಕುಡಿಯುತ್ತೇನೋ ಎಂದೇ ಕಾಯುತ್ತಿದ್ದೆ.

“ಏನೂ ನೆನಪಿಲ್ಲ ಜಗದಾಂಬಕ್ಕ” ಎಂದೆ.

ಅವರು ನನ್ನ ತಟ್ಟೆಗೆ ಎರಡು ಸೌಟು ಸಾರು ಹಾಕಿದರು. ನಾನು ಅಲ್ಲೇ ನಿಂತು ಅದನ್ನು ಪೂರ್ತಿ ಉಂಡೆ.