ಬಿರಡೆಯಮ್ಮನ ಇಪ್ಪತ್ತಾರು ಸೀಸೆ

ಬೆಳಗಿನ ಆರು ಗಂಟೆ. ಪ್ರದರ್ಶನ ಭವನದ ಹಿಂದಿನ ಕೋಣೆಯಲ್ಲಿ ಎರಡು ಟ್ಯೂಬ್‌ಲೈಟು ಉರಿಯುತ್ತಿವೆ. ಉದ್ದನೆಯ ಮೇಜಿಗೆ ಹಳೆಯ ಬೆಡ್‌ಶೀಟು ಹಾಸಿ ಅದರ ಮೇಲೆ ಇಪ್ಪತ್ತಾರು ಗಾಜಿನ ಸೀಸೆಗಳನ್ನು ಇಟ್ಟಿದ್ದಾರೆ. ಎಲ್ಲ ಸುಗಂಧದ ಸೀಸೆಗಳೇ, ಆದರೆ ಒಂದರಂತೆ ಇನ್ನೊಂದಿಲ್ಲ. ಒಂದು ದುಂಡು ಹೊಟ್ಟೆಯದು, ಒಂದು ಕತ್ತು ಕೊಂಕಿಸಿ ನಿಂತದ್ದು, ಮತ್ತೊಂದರ ಮೈಯೊಳಗೆ ಹೊಗೆಯಂಥ ನೀಲಿ. ಪಕ್ಕದ ತಟ್ಟೆಯಲ್ಲಿ ಇಪ್ಪತ್ತಾರು ಗಾಜಿನ ಬಿರಡೆಗಳು. ಇವು ಮಾತ್ರ ಅಚ್ಚಿಗೆ ಹಾಕಿ ತೆಗೆದ ಹಾಗೆ ಒಂದೇ ಥರ, ನೀರಹನಿಯ ಆಕಾರ. ಯಾವ ಬಿರಡೆ ಯಾವ ಸೀಸೆಯದು ಎಂದು ಈ ಹೊತ್ತಿಗೆ ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಲೆಂದು ಅರವತ್ತೊಂದು ವರ್ಷದ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತಿದ್ದಾರೆ. ಹತ್ತಕ್ಕೆ ಭವನದ ಬಾಗಿಲು ತೆರೆಯುತ್ತದೆ.

ಇವರನ್ನು ಎಲ್ಲರೂ ಕರೆಯುವುದು ಬಿರಡೆಯಮ್ಮ ಎಂದೇ. ಸೀಸೆ ಊದುವುದು ಇವರ ಅಣ್ಣನ ಮಗಳು, ಬಿರಡೆ ಕೂರಿಸುವುದು ಇವರು. ಪ್ರತಿ ಬಿರಡೆಗೂ ಅದರ ಸೀಸೆಗೂ ಪೆನ್ಸಿಲ್‌ನಲ್ಲಿ ಒಂದೇ ನಂಬರು ಬರೆದಿದ್ದರು. ನಿನ್ನೆ ಸಂಜೆ ಭವನದ ಕಸ ಗುಡಿಸುವಾಕೆ, ನಾಳೆ ದೊಡ್ಡವರೆಲ್ಲ ಬರುತ್ತಾರೆಂದು ಮುತುವರ್ಜಿಯಿಂದ ಅಷ್ಟನ್ನೂ ಸೋಪಿನ ನೀರಿಗೆ ಹಾಕಿ ತಿಕ್ಕಿ ತೊಳೆದುಬಿಟ್ಟಿದ್ದಾಳೆ. ನಂಬರುಗಳೂ ತೊಳೆದುಹೋಗಿವೆ.

"ಪಾಪ, ಅವಳನ್ಯಾಕೆ ಬೈತೀರಿ? ಹೊಳೀಲಿ ಅಂತ ತೊಳೆದ್ಲು. ಪೆನ್ಸಿಲ್ ನಂಬ್ಕೊಂಡಿದ್ದು ನನ್ನ ದಡ್ಡತನ," ಎನ್ನುತ್ತಾರೆ ಬಿರಡೆಯಮ್ಮ, ತಲೆ ಎತ್ತದೆ.

ಭವನದ ವ್ಯವಸ್ಥಾಪಕರ ಕೈಯಲ್ಲಿ ಅಂಟಿನ ಟ್ಯೂಬಿದೆ. "ಇದಕ್ಕೇನು ಯಾರಾದ್ರೂ ಸೆಂಟು ತುಂಬ್ಸ್ತಾರಾ? ಯಾವುದೋ ಒಂದು ಇಟ್ಟು ಅಂಟಿಸಿದ್ರೆ ಮುಗೀತು. ಒಂಬತ್ತೂವರೆವರೆಗೆ ಕಾಯ್ತೀನಿ, ಆಮೇಲೆ ನನ್ನನ್ನ ಕೇಳ್ಬೇಡಿ." ಅವರ ಮಾತಿನಲ್ಲಿ ಕೆಡುಕಿಲ್ಲ, ಅವಸರವಷ್ಟೇ ಇದೆ. ಆದರೆ ಅಂಟು ಬಿದ್ದರೆ ಬಿರಡೆಯಮ್ಮನ ಒಂದು ತಿಂಗಳ ದುಡಿಮೆ ನೀರುಪಾಲು. ಮುಂದಿನ ಸಲ ಮೊದಲಿನಿಂದಲೇ ಅಂಟು ಹಾಕಿದರೆ ಸಾಕಲ್ಲ ಎಂದು ಯಾರಾದರೂ ಕೇಳಿದರೆ ಅವರ ಕಸುಬಿಗೇ ಕುತ್ತು.

ಕಸುಬು ಏನೆಂದು ಹೇಳಬೇಕು. ಊದಿದ ಸೀಸೆಯ ಕತ್ತು, ಬಿರಡೆಯ ಬುಡ ಎರಡೂ ಒರಟಾಗಿಯೇ ಇರುತ್ತವೆ. ನಡುವೆ ಉಜ್ಜುವ ಪುಡಿ ಮತ್ತು ನೀರು ಹಾಕಿ, ಬಿರಡೆಯನ್ನು ಕತ್ತಿನೊಳಗೇ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುಗಿಸುತ್ತ ಹೋಗಬೇಕು. ಮೊದಲು ಸಕ್ಕರೆಯಷ್ಟು ದಪ್ಪ ಪುಡಿ, ಆಮೇಲೆ ರವೆಯಷ್ಟು, ಕೊನೆಗೆ ಹಿಟ್ಟಿನಷ್ಟು ನಯ. ಎರಡೂ ಒಂದನ್ನೊಂದು ಸವೆಸಿಕೊಂಡು ಹೊಂದಿಕೊಳ್ಳುತ್ತವೆ. ಒಂದಕ್ಕೆ ಮೂರು ಗಂಟೆ, ದಿನಕ್ಕೆ ಎರಡರ ಮೇಲೆ ಆಗದು. ಆಮೇಲೆ ಸ್ಪಿರಿಟ್ ತುಂಬಿ, ಕಾಗದದ ಮೇಲೆ ಒಂದು ದಿನ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಕಲೆ ಬಿದ್ದರೆ, ವಾಸನೆ ಬಂದರೆ, ಮತ್ತೆ ಮೊದಲಿನಿಂದ. ಹೀಗೆ ಸವೆದ ಬಿರಡೆ ಬೇರೆ ಸೀಸೆಯಲ್ಲಿ ಕೂತ ಹಾಗೆ ಕಂಡರೂ ಕೂರುವುದಿಲ್ಲ. ಸರಿಯಾಗಿ ಕೂತದ್ದಕ್ಕೆ ಬಿರಡೆಯಮ್ಮನ ಮಾತು ಒಂದೇ: "ಒಪ್ಪಿಗೆ ಆಯ್ತು."

ಒಪ್ಪಿಗೆ ಗೊತ್ತಾಗುವುದು ಹೇಗೆ? "ಒಪ್ಪದೇ ಇದ್ದದ್ದು ಕಿರ್ ಅನ್ನತ್ತೆ. ಒಪ್ಪಿದ್ದು ಗಪ್‌ಚಿಪ್. ನಮ್ಮನೇಲಿ ಉಲ್ಟಾ, ಒಪ್ಪಿದ ಮೇಲೇ ಅವರ ಕಿರಿಕಿರಿ ಶುರುವಾಗಿದ್ದು," ಎಂದು ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿರುವ ಗಂಡನ ಕಡೆ ಗದ್ದ ಚಾಚುತ್ತಾರೆ. ಶಾಲೆಯ ವ್ಯಾನು ಓಡಿಸುವ ಅವರು ಕಣ್ಣು ಮುಚ್ಚಿಕೊಂಡೇ ಉತ್ತರ ಕೊಡುತ್ತಾರೆ: "ಊರಿನ ಸೀಸೆಗೆಲ್ಲ ಮುಚ್ಚಳ ಹಾಕ್ತಾಳೆ. ಮನೇಲಿ ಸಕ್ಕರೆ ಡಬ್ಬಿ ಮಾತ್ರ ಯಾವತ್ತೂ ಬಾಯಿ ತೆರ್ಕೊಂಡಿರತ್ತೆ. ಇರುವೆಗಳಿಗೆ ನಮ್ಮನೆ ಅಂದ್ರೆ ಪ್ರಾಣ."

ಬಿರಡೆಯಮ್ಮ ಮೊದಲು ಇಪ್ಪತ್ತೆರಡು ವರ್ಷ ದುಡಿದದ್ದು ಪ್ರಯೋಗಾಲಯದ ಸೀಸೆ ಮಾಡುವ ಕಾರ್ಖಾನೆಯಲ್ಲಿ. ಅಣ್ಣ ಊದುತ್ತಿದ್ದರು, ತಂಗಿ ಬಿರಡೆ ಉಜ್ಜುತ್ತಿದ್ದರು. ಆಸಿಡ್ ತುಂಬುವ ಸೀಸೆಗಳು, ಕೂದಲೆಳೆ ಸಂದಿದ್ದರೂ ಯಾರದ್ದೋ ಕೈ ಸುಟ್ಟುಹೋಗುತ್ತಿತ್ತು. ಪ್ಲಾಸ್ಟಿಕ್ ಮುಚ್ಚಳ ಬಂತು, ಕಾರ್ಖಾನೆ ಬಾಗಿಲು ಹಾಕಿತು, ಅಣ್ಣನೂ ಹೋದರು. ಮೂರು ವರ್ಷ ಕೈಕಟ್ಟಿ ಕೂತಿದ್ದವರನ್ನು ಎಬ್ಬಿಸಿದ್ದು ಅಣ್ಣನ ಮಗಳು. ಅಪ್ಪನ ಕುಲುಮೆಯಲ್ಲಿ ಅವಳು ಊದತೊಡಗಿದ್ದು ಸುಗಂಧದ ಸೀಸೆಗಳನ್ನು, ಅದೂ ಕಲಾಕೃತಿಗಳಾಗಿ. ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸಾಗದಷ್ಟು ಚೆಂದ. "ಅತ್ತೆ ಇಲ್ದಿದ್ರೆ ನಾನು ಮಾಡೋದು ಬರೀ ಹೂದಾನಿ," ಎನ್ನುತ್ತಾಳೆ ಆಕೆ.

ಇಷ್ಟಾದರೂ ಪ್ರದರ್ಶನದ ಹದಿನಾರು ಪುಟದ ಪುಸ್ತಿಕೆಯಲ್ಲಿ ಫೋಟೋ ತೆಗೆದವರ ಹೆಸರಿದೆ, ದೀಪ ಜೋಡಿಸಿದವರದ್ದೂ ಇದೆ, ಬಿರಡೆಯಮ್ಮನದ್ದಿಲ್ಲ. ಪೇಪರಿಗೆ ಬರೆಯಲು ಬಂದ ನನಗೆ ಸಿಟ್ಟೇ ಬಂತು. ಅಣ್ಣನ ಮಗಳು ತಲೆ ತಗ್ಗಿಸಿದಳು: "ಬರೆದುಕೊಟ್ಟಿದ್ದೆ, ಅವರು ಕತ್ತರಿಸಿದ್ರು. ನಾನು ಜಗಳ ಆಡ್ಬೇಕಿತ್ತು, ಆಡ್ಲಿಲ್ಲ." ಅತ್ತೆ ತಟ್ಟೆಯಿಂದ ಇನ್ನೊಂದು ಬಿರಡೆ ಎತ್ತಿಕೊಂಡರು.

ಎಂಟು ಗಂಟೆಗೆ ಹದಿನಾಲ್ಕು ಒಪ್ಪಿವೆ. ಒಂಬತ್ತಕ್ಕೆ ಇಪ್ಪತ್ತಮೂರು. ಅವರ ಬೆರಳ ತುದಿಗಳು ಉಜ್ಜಿ ಉಜ್ಜಿ ನುಣುಪಾಗಿವೆ, ಬ್ಯಾಂಕಿನ ಯಂತ್ರ ಅವರ ಹೆಬ್ಬೆಟ್ಟನ್ನು ಹೆಬ್ಬೆಟ್ಟೆಂದೇ ಒಪ್ಪುವುದಿಲ್ಲವಂತೆ. ಅದೇ ಬೆರಳು ಬಿರಡೆಯ ಬುಡವನ್ನು ಒಮ್ಮೆ ಸವರಿ, ತಟ್ಟೆಯಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಒಂಬತ್ತು ಇಪ್ಪತ್ತಕ್ಕೆ ಕೊನೆಯ ಸೀಸೆ, ಕೊನೆಯ ಬಿರಡೆ. ತಿರುಗಿಸುತ್ತಾರೆ.

ಕಿರ್.

ನಮ್ಮೆಲ್ಲರ ಮುಖ ಸಪ್ಪೆಯಾಗುತ್ತದೆ. ಕೊನೆಯದು ಒಪ್ಪದಿದ್ದರೆ ಹಿಂದಿನ ಇಪ್ಪತ್ತೈದರಲ್ಲಿ ಎಲ್ಲೋ ತಪ್ಪಿದೆ ಎಂದರ್ಥ. "ಅದೊಂದಕ್ಕೆ ಅಂಟು ಹಾಕೋಣ ಬಿಡಿ," ಎಂದು ವ್ಯವಸ್ಥಾಪಕರು ಟ್ಯೂಬಿನ ಮುಚ್ಚಳ ತಿರುವುತ್ತಾರೆ. "ಸ್ವಲ್ಪ ಸುಮ್ನಿರಿ," ಎನ್ನುತ್ತಾರೆ ಬಿರಡೆಯಮ್ಮ. ಕಣ್ಣು ಮುಚ್ಚುತ್ತಾರೆ. ತೆರೆದಾಗ ಕೈ ನೇರ ನೀಲಿ ಸೀಸೆಗೆ ಹೋಗುತ್ತದೆ.

"ಎಲ್ಲದಕ್ಕಿಂತ ಇದರ ಮೇಲೇ ನನಗೆ ಆಸೆ. ಬೇಗ ಒಪ್ಪಲಿ ಅಂತ ನಾನೇ ಒಪ್ಕೊಂಡ್‌ಬಿಟ್ಟಿದ್ದೆ. ಅದರ ಮಾತು ಕೇಳಿಸ್ಕೊಳ್ಲೇ ಇಲ್ಲ."

ಎರಡೂ ಬಿರಡೆಗಳನ್ನು ಅದಲುಬದಲು ಮಾಡುತ್ತಾರೆ. ಒಂದು ಗಪ್‌ಚಿಪ್. ಇನ್ನೊಂದೂ ಗಪ್‌ಚಿಪ್. ನೀಲಿ ಸೀಸೆಗೆ ನೀರು ತುಂಬಿ, ಬಿರಡೆ ಹಾಕಿ, ವ್ಯವಸ್ಥಾಪಕರ ಇಸ್ತ್ರಿ ಮಾಡಿದ ಬಿಳಿ ತೋಳಿನ ಮೇಲೆ ತಲೆಕೆಳಗಾಗಿ ಹಿಡಿಯುತ್ತಾರೆ. ಅವರು ಬೆಚ್ಚಿ ಕೈ ಎಳೆದುಕೊಳ್ಳುವಷ್ಟರಲ್ಲಿ, ತೋಳಿನ ಮೇಲೆ ಒಂದು ಹನಿಯೂ ಬಿದ್ದಿಲ್ಲವೆಂದು ಎಲ್ಲರೂ ನೋಡಿಯಾಗಿದೆ. ಅಣ್ಣನ ಮಗಳು ಅತ್ತೆಯ ಹೆಗಲಿಗೆ ಮುಖ ಒತ್ತಿ ಅಳುತ್ತಾಳೆ. ನನ್ನ ಕಣ್ಣೂ ಒದ್ದೆಯಾಯಿತು, ಮುಚ್ಚಿಡುವುದೇಕೆ.

ಪೇಪರಿನಲ್ಲಿ ಏನು ಬರೆಯಲಿ ಎಂದು ಕೇಳುತ್ತೇನೆ. ಬಿರಡೆಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಹೊರಗೆ 'ಮುಟ್ಟಬೇಡಿ' ಅಂತ ಬೋರ್ಡ್ ಹಾಕಿದ್ದಾರೆ. ಒಂದಾದ್ರೂ ಸೀಸೆ ಮುಟ್ಟೋಕೆ ಬಿಡಿ ಅಂತ ಬರೀರಿ. ಬಂದವರು ಬಿರಡೆ ತೆಗೆದು, ಮೂಸಿ ನೋಡಿ, ಮತ್ತೆ ಹಾಕ್ಲಿ. ಮುಚ್ಚೋದು ಅಂಟಿಗೂ ಬರತ್ತೆ ಸ್ವಾಮಿ. ತೆಗೆಯೋಕೆ ಬರೋ ಹಾಗೆ ಮುಚ್ತೀನಲ್ಲ, ಅದು ನನ್ನ ಕೆಲಸ."