ಹಿಮದ ಕುಂಟೆ
ಟೆಕ್ಸಸ್‌ನ ಕಾಪೆಲ್ ಊರಿನ ರಘುನಂದನರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಕೆರೆಯ ಮಂಜುಗಡ್ಡೆಯ ಮೇಲಿನ ಹಿಮ ಬಾಚಲು ಕುದುರೆಗೆ ಕಟ್ಟುತ್ತಿದ್ದ ಹಳೆಯ ಕುಂಟೆಯೊಂದು ಅಲ್ಲಿ ಕಾಲು ಚಾಚಿ ಮಲಗಿದೆ. ಹಿಮ ಸುರಿಯುವ ಮಿನೆಸೋಟದಿಂದ ಇಲ್ಲಿಗೆ ಶಿಫ್ಟ್ ಆಗುವಾಗ ಸೋಫಾ ಬಿಟ್ಟು ಬಂದರು, ಇದನ್ನು ಬಿಡಲಿಲ್ಲ. ಇಲ್ಲಿಯ ಸುಡುಬಿಸಿಲಿನಲ್ಲೂ ಅದರ ಅಲಗಿಗೆ ಎಣ್ಣೆ ಹಚ್ಚುತ್ತ, “ಒಂದು ಸಲ ಎಳೆದ್ರೆ ಕೆರೆ ಕನ್ನಡಿ ಆಗೋದು ಕಣ್ರೀ!” ಎನ್ನುತ್ತಾರೆ. ಕಾಫಿಗೆ ಬಂದವರು ಅದರ ಪೂರ್ತಿ ಪುರಾಣ ಕೇಳದೆ ಏಳುವಂತಿಲ್ಲ. “ಕುದುರೆ ಎಲ್ಲಿತ್ತು ಅಂಕಲ್?” ಎಂದರೆ ಮಾತ್ರ ಥಟ್ಟನೆ ಕೆಮ್ಮು ಬರುತ್ತದೆ. ಮೊನ್ನೆ, ಹೊಸ್ತಿಲಿಗೆ ಸ್ಟಿಕ್ಕರ್ ರಂಗೋಲಿ ಅಂಟಿಸುತ್ತಿದ್ದ ಹೆಂಡತಿ ಪ್ರಭಾ ತಲೆಯೆತ್ತದೆ ಹೇಳಿಬಿಟ್ಟರು: “ಎಲ್ಲಿಯ ಕುದುರೆ? ಮಿನೆಸೋಟದಲ್ಲಿ ರಂಗೋಲಿ ಹಾಕೋಕೆ ಅಂಗಳಾನೇ ಇಲ್ಲ ಅಂತ ಸಂಕ್ರಾಂತಿ ಹಿಂದಿನ ದಿನ ಅತ್ತಿದ್ದೆ. ಬೆಳಗಾಗೋದ್ರೊಳಗೆ ಇವ್ರೇ ಹೆಗಲಿಗೆ ಪಟ್ಟಿ ಹಾಕ್ಕೊಂಡು ಈ ಕುಂಟೆ ಎಳೆದು, ಮನೆ ಮುಂದಿನ ಕೆರೇನೇ ಅಂಗಳ ಮಾಡಿಟ್ಟಿದ್ರು.”